ತೊಳೆದದ್ದು

ಮಗಳ ಹಟಕ್ಕೆ ಮಣಿದು ಮೀನಿನ ಗಾಜಿನ ತೊಟ್ಟಿ ತಂದಾಗ ನನಗಿದ್ದ ಚಿಂತೆ ಒಂದೇ, ಅದು ಕೊಳಕಾಗಬಾರದು. ನಾಲ್ಕು ಗಪ್ಪಿ, ಎರಡು ಪ್ಲಾಟಿ, ಆರು ನಿಯಾನ್ ಟೆಟ್ರಾ, ಎಲ್ಲವನ್ನೂ ಮೊದಲ ದಿನವೇ ಬಿಟ್ಟೆವು. ಹದಿನೈದು ದಿನಕ್ಕೆ ಕಲ್ಲು, ಫಿಲ್ಟರಿನ ಸ್ಪಂಜು ತಿಕ್ಕಿ ತೊಳೆದು, ಹೊಸದಾಗಿ ನಲ್ಲಿನೀರು ತುಂಬಿದೆ. ತೊಟ್ಟಿ ಕನ್ನಡಿಯಂತಾಯಿತು. ಮೀನುಗಳು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾಲ್ಕು ದಿನದಲ್ಲಿ ಏಳನ್ನು ದಾಸವಾಳದ ಬುಡಕ್ಕೆ ಹೂತೆ.

ಆಮೇಲೆ ತಿಳಿಯಿತು. ಮೀನು ಹೊರಬಿಡುವ ಕಲ್ಮಷದಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ತಿಳಿನೀರಿನಲ್ಲೂ ಇರುವ ವಿಷ ಅದು. ಅದನ್ನು ನೈಟ್ರೈಟ್, ಕೊನೆಗೆ ನೈಟ್ರೇಟ್ ಮಾಡಿ ಪಳಗಿಸುವ ಬ್ಯಾಕ್ಟೀರಿಯಾ ಕಲ್ಲಿಗೆ, ಸ್ಪಂಜಿಗೆ ಅಂಟಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಲೋಳೆಯೆಂದು ನಾನು ಉಜ್ಜಿ ತೆಗೆದದ್ದು ಅವನ್ನೇ. ಉಳಿದದ್ದನ್ನು ನಲ್ಲಿನೀರಿನ ಕ್ಲೋರಿನ್ ನೋಡಿಕೊಂಡಿತು.

“ನಿನಗೇನು ಗೊತ್ತಿತ್ತು, ಬಿಡು” ಎಂದರು ಮನೆಯವರು. ಗೊತ್ತಿರಲಿಲ್ಲ, ನಿಜ. ಆದರೆ ಕೇಳಿದ್ದೆನೇ? ಹೊಸ ಸೀರೆ ನೆನೆಸುವ ಮುನ್ನ ಬಣ್ಣ ಬಿಡುತ್ತದೆಯೇ ಎಂದು ನಾಲ್ಕು ಮನೆಯಲ್ಲಿ ವಿಚಾರಿಸುವವಳು ನಾನು. ಜೀವ ತರುವಾಗ ಕೇಳಿದ್ದು ಬೆಲೆ ಮಾತ್ರ.

ಈಗ ವ್ಯಾಲಿಸ್ನೇರಿಯಾ ನೆಟ್ಟಿದ್ದೇನೆ; ಗಿಡಗಳೂ ಅಮೋನಿಯಾ ಹೀರುತ್ತವಂತೆ. ದಿನವೂ ಕಾಲು ಭಾಗ ನೀರು ತೆಗೆದು, ಹಿಂದಿನ ದಿನ ಬಕೆಟ್ಟಿನಲ್ಲಿ ತೆರೆದಿಟ್ಟ ನೀರು ಹಾಕುತ್ತೇನೆ. ಸ್ಪಂಜು ಹಿಂಡುವುದೂ ತೊಟ್ಟಿಯ ಹಳೇ ನೀರಿನಲ್ಲೇ. ಕೈ ತಡೆಯದು, ಆದರೂ ಲೋಳೆಯನ್ನು ಮುಟ್ಟುವುದಿಲ್ಲ. ಉಳಿದ ಐದರಲ್ಲಿ ಟೆಟ್ರಾ ಒಂದೇ. ಗುಂಪಿನ ಮೀನು ಅದು, ಎಲೆಯ ಮರೆಯಿಂದ ಹೊರಗೇ ಬರದು. ಜೊತೆ ಯಾವಾಗ ತರುವುದು ಎಂದು ಮಗಳು ದಿನಾ ಕೇಳುತ್ತಾಳೆ. ಆರು ವಾರ ತುಂಬಲಿ ಎಂದಿದ್ದೇನೆ.