ಕದ್ದ ವಿದ್ಯೆ, ಕಲಿತ ವಿದ್ಯೆ

ಆರ್‌ಎಕ್ಸ್ 100 ಕಣ್ಣಿಗೆ ಬೀಳುವ ಮೊದಲೇ ಸದ್ದಿನಿಂದ ಅದನ್ನು ಗುರುತಿಸುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. 1985ರಲ್ಲಿ ಭಾರತದ ರಸ್ತೆಗಿಳಿದು 1996ರಲ್ಲಿ ತಯಾರಿಕೆ ನಿಂತ ಈ ಯಮಹಾ ಬೈಕಿನ ಎಂಜಿನ್ ಬರೀ 98 ಸಿಸಿಯದು. ಇಷ್ಟು ಚಿಕ್ಕ ಎಂಜಿನ್‌ಗೆ ಅಷ್ಟು ಚುರುಕು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ದಾರಿ ಜಪಾನನ್ನೂ ದಾಟಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಚೋಪಾವ್ ಎಂಬ ಸಣ್ಣ ಊರಿಗೆ ಮುಟ್ಟುತ್ತದೆ. ಅಲ್ಲಿ ನಮಗೆ ಒಂದು ಹಳೆಯ ಪ್ರಶ್ನೆ ಎದುರಾಗುತ್ತದೆ: ವಿದ್ಯೆಗೆ ಒಡೆಯರಿದ್ದಾರೆಯೇ?

ಚೋಪಾವ್‌ನಲ್ಲಿ ಡಿಕೆಡಬ್ಲ್ಯು ಎಂಬ ಹೆಸರಾಂತ ಬೈಕ್ ಕಾರ್ಖಾನೆಯಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅದರ ಆರ್‌ಟಿ 125 ಬೈಕಿನ ವಿನ್ಯಾಸ ಗೆದ್ದವರ ಪಾಲಾಯಿತು. ಬ್ರಿಟನ್ನಿನ ಬಿಎಸ್‌ಎ ಬ್ಯಾಂಟಮ್, ಅಮೆರಿಕದ ಹಾರ್ಲಿ-ಡೇವಿಡ್‌ಸನ್ 125, ಸೋವಿಯತ್ ಒಕ್ಕೂಟದ ಮಾಸ್ಕ್ವಾ, ಎಲ್ಲವೂ ಅದರ ಪಡಿಯಚ್ಚುಗಳು. 1955ರಲ್ಲಿ ಯಮಹಾ ಹೊರತಂದ ತನ್ನ ಮೊಟ್ಟಮೊದಲ ಬೈಕು ವೈಎ-1 ಕೂಡ ಅದೇ ಮಾದರಿಯನ್ನು ನೋಡಿ ಮಾಡಿದ್ದು.

ಆ ಕಾರ್ಖಾನೆ ಮುಂದೆ ಪೂರ್ವ ಜರ್ಮನಿಯ ಸರ್ಕಾರದ ಕೈಯಲ್ಲಿ ‘ಎಂಝಡ್’ ಆಯಿತು. ಯುದ್ಧಕಾಲದಲ್ಲಿ ಪೀನೆಮುಂಡೆಯ ಶಸ್ತ್ರ ಸಂಶೋಧನಾ ಕೇಂದ್ರದಲ್ಲಿ ದುಡಿದಿದ್ದ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಅಲ್ಲಿನ ರೇಸಿಂಗ್ ವಿಭಾಗದ ಮುಖ್ಯಸ್ಥನಾದ. ಹಣ ಕಡಿಮೆ, ಒಳ್ಳೆಯ ಲೋಹ ಸಿಗುವುದೂ ಕಷ್ಟ. ಟೂ-ಸ್ಟ್ರೋಕ್ ಎಂಜಿನ್‌ಗೆ ಒಂದು ಹುಟ್ಟುದೋಷವಿದೆ: ಹೊಗೆ ಹೊರಹೋಗುವಾಗ ಅದರ ಜೊತೆಗೆ ಉರಿಯದ ಹೊಸ ಇಂಧನವೂ ಸ್ವಲ್ಪ ಸೋರಿಹೋಗುತ್ತದೆ. ಕಾಡೆನ್ ಹೊಗೆಕೊಳವೆಯನ್ನು ನಡುವೆ ಉಬ್ಬಿಸಿ, ತುದಿಯಲ್ಲಿ ಮತ್ತೆ ಕಿರಿದಾಗಿಸಿದ. ಕೆರೆಯ ಏರಿಗೆ ಬಡಿದ ಅಲೆ ಹಿಂದಿರುಗುವಂತೆ, ಕೊಳವೆಯೊಳಗಿನ ಒತ್ತಡದ ಅಲೆ ಹಿಂದಿರುಗಿ ಬಂದು, ಸೋರಿದ ಇಂಧನವನ್ನು ಬಾಗಿಲು ಮುಚ್ಚುವಷ್ಟರಲ್ಲಿ ಸಿಲಿಂಡರಿನೊಳಕ್ಕೆ ತಳ್ಳುತ್ತಿತ್ತು. 1961ರ ಹೊತ್ತಿಗೆ ಆತನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿನ ಲೆಕ್ಕದಲ್ಲಿ ಅದು 200.

ಅದೇ ವರ್ಷ ಆಗಸ್ಟ್‌ನಲ್ಲಿ ಬರ್ಲಿನ್ ಗೋಡೆ ಎದ್ದಿತು. ಎಂಝಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ವಿಶ್ವ ಚಾಂಪಿಯನ್ ಪಟ್ಟಕ್ಕೆ ತೀರ ಸಮೀಪದಲ್ಲಿದ್ದ. ಸೆಪ್ಟೆಂಬರ್‌ನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ನಡೆದ ರೇಸಿನಲ್ಲಿ ಅವನ ಎಂಜಿನ್ ಕೆಟ್ಟಿತು. ಅಲ್ಲಿಂದ ಅವನು ತಂಡದೊಂದಿಗೆ ಮರಳಲಿಲ್ಲ. ಅವನ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಡೆಗ್ನರ್ ಸುಝುಕಿ ಕಂಪನಿಯನ್ನು ಸೇರಿದ. ಕಾಡೆನ್ ವರ್ಷಗಟ್ಟಲೆ ಕಂಡುಕೊಂಡದ್ದೂ ಅವನೊಂದಿಗೆ ಹೋಯಿತು. 1962ರಲ್ಲಿ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ಡೆಗ್ನರ್ ಮತ್ತು ಸುಝುಕಿಯದಾಯಿತು. ಟೂ-ಸ್ಟ್ರೋಕ್ ಬೈಕೊಂದಕ್ಕೆ ಆ ಪಟ್ಟ ಸಿಕ್ಕಿದ್ದು ಅದೇ ಮೊದಲು. ಮುಂದಿನ ದಶಕಗಳಲ್ಲಿ ಜಪಾನಿನ ಚಿಕ್ಕ ವೇಗದ ಬೈಕುಗಳ ಇಡೀ ಸಂತತಿ ಈ ವಿದ್ಯೆಯ ಮೇಲೆ ಬೆಳೆಯಿತು. ಕಾಡೆನ್ ಚೋಪಾವ್‌ನಲ್ಲೇ ಉಳಿದ.

ಈಗ ಹೆಸರುಗಳನ್ನು ಗಮನಿಸಿ. ಗೆದ್ದ ದೇಶಗಳು ವಿನ್ಯಾಸ ಒಯ್ದರೆ ಅದು ಯುದ್ಧ ಪರಿಹಾರ. ಒಂದು ಕಂಪನಿ ಬೇರೆಯವರ ಬೈಕನ್ನು ಬಿಚ್ಚಿ ನೋಡಿ ತನ್ನದನ್ನು ಮಾಡಿದರೆ ಅದು ಉದ್ಯಮಶೀಲತೆ. ಒಬ್ಬ ಮನುಷ್ಯ ತಲೆಯಲ್ಲಿಟ್ಟುಕೊಂಡು ಗಡಿ ದಾಟಿದರೆ ಮಾತ್ರ ಅದು ದ್ರೋಹ. ಒಯ್ದ ವಸ್ತು ಮೂರೂ ಕಡೆ ಒಂದೇ ಬಗೆಯದು. ಒಯ್ದವನ ಬಲ ನೋಡಿ ನಾವು ಹೆಸರಿಡುತ್ತಿದ್ದೇವೆಯೇ ಎಂಬ ಅನುಮಾನ ಬರುತ್ತದೆ.

ಡೆಗ್ನರ್‌ನ ಪರವಾಗಿ ಇನ್ನೂ ಒಂದು ಮಾತಿದೆ. ಬಿಟ್ಟು ಹೋಗಲು ಬಿಡದ ದೇಶವನ್ನು ಬಿಟ್ಟು ಹೋಗುವುದು ತಪ್ಪಲ್ಲ. ಹೋಗುವವನು ಪೆಟ್ಟಿಗೆಯನ್ನು ಗಡಿಯಲ್ಲಿ ಬಿಡಬಹುದು, ಕಲಿತದ್ದನ್ನು ಬಿಡಲಾಗದು. ಕಾಡೆನ್ ಕೂಡ ಎಲ್ಲವನ್ನೂ ಶೂನ್ಯದಿಂದ ಕಂಡವನಲ್ಲ. ಎಂಜಿನ್‌ಗೆ ಇಂಧನ ಒಳಬಿಡುವ ತಿರುಗುವ ತಟ್ಟೆಯ ಉಪಾಯವನ್ನು ಡೇನಿಯಲ್ ಝಿಮ್ಮರ್‌ಮನ್ ಎಂಬಾತನ ಎಂಜಿನ್‌ನಿಂದ ಪಡೆದಿದ್ದ. ವಿದ್ಯೆ ದೀಪದಿಂದ ದೀಪಕ್ಕೆ ಹೋಗುವಂಥದು. ಕೊಟ್ಟ ದೀಪ ಆರುವುದಿಲ್ಲ.

ಹಾಗಾದರೆ ಡೆಗ್ನರ್ ಮಾಡಿದ್ದರಲ್ಲಿ ತಪ್ಪೇ ಇಲ್ಲವೇ? ಇದೆ ಎಂದು ನನಗನ್ನಿಸುತ್ತದೆ. ಆದರೆ ಅದನ್ನು ‘ಕಳವು’ ಎಂದರೆ ತಪ್ಪು ಎಲ್ಲಿದೆ ಎಂಬುದೇ ಮರೆಯಾಗುತ್ತದೆ. ಸೂತ್ರ ಗಡಿ ದಾಟಿದ್ದರಿಂದ ಚೋಪಾವ್‌ನಲ್ಲಿ ಸೂತ್ರವೇನೂ ಕರಗಲಿಲ್ಲ. ನಷ್ಟವಾದದ್ದು ನಂಬಿಕೆ. ಬಡ ಕಾರ್ಖಾನೆಯೊಂದರಲ್ಲಿ ತನ್ನ ಜೊತೆ ದುಡಿದವನಿಗೆ ಕಾಡೆನ್ ಎಲ್ಲವನ್ನೂ ತೆರೆದು ತೋರಿಸಿದ್ದ. ಆ ತೆರೆದ ಬಾಗಿಲಿಗೆ ಬೆಲೆ ಬಂತು, ಬೆಲೆ ಪಡೆದವನು ಬೇರೊಬ್ಬ. ನಮ್ಮ ಭಾಷೆಯಲ್ಲಿ ಇದಕ್ಕೆ ‘ಋಣ’ ಎಂಬ ಪದವಿದೆ. ಸಾಲ ಹಣದಿಂದ ತೀರುತ್ತದೆ. ಋಣ ತೀರಲು ಮೊದಲು ಅದನ್ನು ಒಪ್ಪಿಕೊಳ್ಳಬೇಕು. ವಿದ್ಯೆಗೆ ಒಡೆಯರಿಲ್ಲದಿರಬಹುದು, ಆದರೆ ವಿದ್ಯೆ ಪಡೆದವರಿಗೆ ಋಣವಿರುತ್ತದೆ.

ಅದೇ 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕುಗಳ ತಯಾರಿಕೆ ಶುರುವಾಯಿತು. ಅದು ಚೆಕೊಸ್ಲೊವಾಕಿಯಾದ ಕಂಪನಿಯಿಂದ ಪರವಾನಗಿ ಪಡೆದು ಬಂದ ವಿದ್ಯೆ. ಗೌರವದ ದಾರಿಯೇ. ಆದರೂ ಪರವಾನಗಿ ಕಾರ್ಖಾನೆಯ ಗೇಟಿನವರೆಗೆ ಮಾತ್ರ. ಗೇಟಿನ ಹೊರಗೆ, ಗ್ಯಾರೇಜುಗಳಲ್ಲಿ, ಮೇಸ್ತ್ರಿಯ ಪಕ್ಕ ಕೂತು ಸ್ಪಾನರ್ ಕೊಡುತ್ತ ಕೊಡುತ್ತ ಹುಡುಗರು ಎಂಜಿನ್ ಬಿಚ್ಚುವುದನ್ನು ಕಲಿತರು. ಆ ಕಲಿಕೆಗೆ ಪತ್ರವಿಲ್ಲ, ಶುಲ್ಕವಿಲ್ಲ. ಅಲ್ಲಿ ಋಣ ಸಂದಾಯವಾಗುವುದು ಒಂದೇ ರೀತಿಯಲ್ಲಿ: ಸ್ವಂತ ಅಂಗಡಿ ಇಟ್ಟ ಮೇಲೂ ‘ಇಂಥವರ ಹತ್ತಿರ ಕಲಿತೆ’ ಎಂದು ಹೇಳುವುದರಲ್ಲಿ.

ಜಪಾನಿನ ಸುಝುಕಾ ರೇಸ್ ಟ್ರ್ಯಾಕಿನ ಒಂದು ತಿರುವಿಗೆ ಡೆಗ್ನರ್‌ನ ಹೆಸರಿದೆ, ಅವನು ಅಲ್ಲಿ ಬಿದ್ದಿದ್ದ ಎಂಬ ಕಾರಣಕ್ಕೆ. ನಮ್ಮಲ್ಲಿ ಆರ್‌ಎಕ್ಸ್‌ನ ಸದ್ದಿಗೆ ಮರುಳಾದವರಲ್ಲಿ ಕಾಡೆನ್‌ನ ಹೆಸರು ಕೇಳಿದವರು ಕಡಿಮೆ. ಆತನಿಗೆ ನಾವು ಹಣ ಕೊಡಬೇಕಾಗಿಲ್ಲ. ಮುಂದಿನ ಸಲ ಆ ಸದ್ದು ಬೀದಿಯಲ್ಲಿ ಹಾದುಹೋದಾಗ ಪಕ್ಕದಲ್ಲಿರುವವರಿಗೆ ಆತನ ಹೆಸರನ್ನು ಹೇಳಬಹುದು.