ಅಭಿನಯಕ್ಕೆ ಹೊಣೆ ಯಾರು?

‘ವೇ ಡೌನ್ ಈಸ್ಟ್’ (1920) ಚಿತ್ರದಲ್ಲಿ ಲಿಲಿಯನ್ ಗಿಶ್ ನದಿಯಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಬಿದ್ದಿರುತ್ತಾರೆ. ಒಂದು ಕೈಯೂ ಬಿಚ್ಚಿದ ಕೂದಲೂ ಕೊರೆಯುವ ನೀರಿನಲ್ಲಿವೆ. ಹಾಗೆ ಮಲಗುವ ಯೋಚನೆ ಅವರದೇ. ಆ ಕೈಯ ನೋವು ಮುಂದೆಯೂ ಅವರನ್ನು ಬಿಡಲಿಲ್ಲ. 1912ರಲ್ಲಿ ಮೂಕಿ ಚಿತ್ರಗಳಿಗೆ ಬಂದವರು 1987ರಲ್ಲಿ, ತೊಂಬತ್ತು ದಾಟಿದ ಮೇಲೆ, ‘ದ ವೇಲ್ಸ್ ಆಫ್ ಆಗಸ್ಟ್’ನಲ್ಲಿ ಮುಖ್ಯ ಪಾತ್ರ ಮಾಡಿದರು. ಎಪ್ಪತ್ತೈದು ವರ್ಷಗಳ ಈ ನಿಷ್ಠೆಗೆ ಯಾರಾದರೂ ತಲೆಬಾಗುತ್ತಾರೆ. ನಾನೂ ಬಾಗಿದ್ದೇನೆ.

ಆದರೆ 1915ರ ‘ದ ಬರ್ತ್ ಆಫ್ ಎ ನೇಷನ್’ ನೋಡಿದ ಮೇಲೆ ಆ ಮೆಚ್ಚುಗೆ ಅಷ್ಟು ಸಲೀಸಾಗಿ ಉಳಿಯುವುದಿಲ್ಲ. ಗ್ರಿಫಿತ್ ನಿರ್ದೇಶನದ ಆ ಚಿತ್ರದಲ್ಲಿ ಮಿಶ್ರ ಜನಾಂಗದ ರಾಜಕಾರಣಿಯೊಬ್ಬ ಎಲ್ಸಿ ಎಂಬ ಬಿಳಿಯ ಯುವತಿಯನ್ನು ಬಲವಂತವಾಗಿ ಮದುವೆಯಾಗಲು ಹೊರಡುತ್ತಾನೆ. ಕೂ ಕ್ಲಕ್ಸ್ ಕ್ಲಾನ್ ಕುದುರೆಯೇರಿ ಬಂದು ಅವಳನ್ನು ಕಾಪಾಡುತ್ತದೆ. ಎಲ್ಸಿಯಾಗಿ ನಟಿಸಿದವರು ಗಿಶ್. ಅವರ ಮುಖದ ಭಯ ನಿಜವೆನಿಸಿದಷ್ಟೂ ಕ್ಲಾನ್ ವೀರರ ಗುಂಪಾಗಿ ಕಾಣುತ್ತದೆ. ಅಳಿದುಹೋಗಿದ್ದ ಆ ಸಂಘಟನೆ ಅದೇ ವರ್ಷ ಜಾರ್ಜಿಯಾದಲ್ಲಿ ಮತ್ತೆ ಹುಟ್ಟಿತು. ಅದಕ್ಕೆ ಈ ಚಿತ್ರದ ಪ್ರೇರಣೆಯಿತ್ತು.

ನಟಿ ಬರೀ ಉಪಕರಣ, ಹೊಣೆ ನಿರ್ದೇಶಕನದು ಎನ್ನಬಹುದೇ? ಹಾಗಾದರೆ ಮಂಜುಗಡ್ಡೆಯ ದೃಶ್ಯಕ್ಕೆ ಅವರನ್ನು ಹೊಗಳುವುದೇಕೆ? ಹೊಗಳಿಕೆ ಕಲಾವಿದೆಗೆ ಸಲ್ಲುವುದಾದರೆ ಪ್ರಶ್ನೆಯೂ ಅವರನ್ನು ಮುಟ್ಟಬೇಕು. ಕಾಲವೇ ಹಾಗಿತ್ತು ಎಂಬ ಮಾತೂ ಪೂರ್ತಿ ನಿಲ್ಲದು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಆಗಲೇ ಚಿತ್ರವನ್ನು ಪ್ರತಿಭಟಿಸಿತ್ತು. ಅವರೂ ಅದೇ ಕಾಲದವರು.

ಆಗ ಗಿಶ್‌ಗೆ ಇಪ್ಪತ್ತೊಂದು. ಆ ವಯಸ್ಸನ್ನು ಕ್ಷಮಿಸಲು ನನಗೆ ಕಷ್ಟವಿಲ್ಲ. ಕಾಡುವುದು ನಂತರದ ದೀರ್ಘ ಬದುಕು. 1993ರಲ್ಲಿ ತೀರಿಕೊಂಡ ಅವರಿಗೆ ಮರುಯೋಚನೆಗೆ ಮುಕ್ಕಾಲು ಶತಮಾನವಿತ್ತು. ಅವರು ಗ್ರಿಫಿತ್‌ರನ್ನು ಸಮರ್ಥಿಸುತ್ತಲೇ ಹೋದರು. ತನ್ನನ್ನು ರೂಪಿಸಿದ ಗುರುವಿನ ಋಣ ಅದು. ಆ ಋಣದ ಭಾರ ಸಂಶೋಧನಾ ವಿದ್ಯಾರ್ಥಿಗೆ ಗೊತ್ತು. ನನ್ನ ಮಾರ್ಗದರ್ಶಕರ ಹಳೆಯ ಲೇಖನವೊಂದನ್ನು ನಾನು ಒಪ್ಪುವುದಿಲ್ಲ. ಪ್ರಬಂಧದಲ್ಲಿ ಅದನ್ನು ಹೇಳುವ ವಾಕ್ಯವನ್ನು ಎರಡು ಸಲ ಮೆತ್ತಗೆ ಮಾಡಿದ್ದೇನೆ. ಅದನ್ನು ಗೌರವ ಎಂದುಕೊಂಡಿದ್ದೆ. ಈಗ ಅನುಮಾನ ಬರುತ್ತಿದೆ.

2019ರಲ್ಲಿ ಓಹಾಯೊದ ಬೌಲಿಂಗ್ ಗ್ರೀನ್ ವಿಶ್ವವಿದ್ಯಾಲಯ ತನ್ನ ಚಿತ್ರಮಂದಿರದಿಂದ ಗಿಶ್ ಸೋದರಿಯರ ಹೆಸರು ತೆಗೆಯಿತು. ಕಪ್ಪು ವಿದ್ಯಾರ್ಥಿಗಳು ಆಕ್ಷೇಪಿಸಿದ್ದರು. ಮಾರ್ಟಿನ್ ಸ್ಕಾರ್ಸೇಸಿ ಸೇರಿದಂತೆ ಹಲವರು ಈ ತೀರ್ಮಾನವನ್ನು ವಿರೋಧಿಸಿದರು. ನನಗನಿಸುವುದು ಇಷ್ಟು: ಚಿತ್ರಗಳನ್ನು ಯಾರೂ ಸುಡಲಿಲ್ಲ, ನಾವು ನೋಡಬಹುದು, ನೋಡಬೇಕು. ಬಾಗಿಲ ಮೇಲಿನ ಹೆಸರಿನ ಮಾತು ಬೇರೆ. ಅದು ಗೌರವ, ದಿನವೂ ಅದರ ಕೆಳಗೆ ನಡೆಯುವವರಿಗೆ ಅದರ ಬಗ್ಗೆ ಹೇಳುವ ಹಕ್ಕಿದೆ.

ಗಿಶ್ ಉಯಿಲಿನಿಂದ ಹುಟ್ಟಿದ ಪ್ರಶಸ್ತಿ 2013ರಲ್ಲಿ ಸ್ಪೈಕ್ ಲೀಗೆ ಸಂದಿತು. ವಿದ್ಯಾರ್ಥಿಯಾಗಿದ್ದಾಗ, 1980ರಲ್ಲೇ, ಗ್ರಿಫಿತ್‌ರ ಆ ಚಿತ್ರಕ್ಕೆ ಉತ್ತರವಾಗಿ ಕಿರುಚಿತ್ರ ಮಾಡಿದವರು ಅವರು. ಗಿಶ್ ಆಡದ ಮಾತಿಗೆ ಇದು ಬದಲಿಯಾಗದು. ಆದರೂ ಅವರು ಬಿಟ್ಟುಹೋದ ಹಣ ಆ ಮಾತನ್ನಾಡಿದವನ ಕೈ ಸೇರಿತಲ್ಲ ಎಂದು ಸಮಾಧಾನವಾಗುತ್ತದೆ. ನನ್ನ ವಾಕ್ಯವನ್ನಂತೂ ಮತ್ತೆ ಮೊದಲಿನಂತೆ ಬರೆಯಬೇಕು.