ತಲೆಯ ಮೇಲಿನ ಕೊಡ

ಜನಪದ ಕಲೆಯ ಬಗ್ಗೆ ನಮ್ಮಲ್ಲಿ ಗಟ್ಟಿಯಾಗಿ ಕೂತ ಒಂದು ನಂಬಿಕೆ ಇದೆ. ಅದು ಒಂದು ಊರಿನ, ಒಂದು ಕುಲದ, ಒಂದು ದೇವರ ಸ್ವತ್ತು. ಅಲ್ಲಿಂದ ಎತ್ತಿ ಬೇರೆ ಕಡೆ ಒಯ್ದರೆ ಅದರ ಸತ್ವ ಸೋರಿಹೋಗುತ್ತದೆ ಎಂಬುದು ಆ ನಂಬಿಕೆ. ಹೀಗಾಗಿ ಊರೂರು ತಿರುಗಿ ಹಾಡು, ಕಥೆ, ಕುಣಿತಗಳನ್ನು ಕಲಿಯುವ ಕಲಾವಿದರನ್ನು ಒಂದೋ ಸಂಗ್ರಾಹಕರೆಂದು ಹೊಗಳುತ್ತೇವೆ, ಇಲ್ಲವೇ ಇನ್ನೊಬ್ಬರದನ್ನು ಎತ್ತಿಕೊಂಡವರೆಂದು ಅನುಮಾನಿಸುತ್ತೇವೆ. ಕಲೆಗೆ ದೈವದ ನಂಟಿದ್ದರಂತೂ ಅನುಮಾನ ಇನ್ನಷ್ಟು ಬಲಿಯುತ್ತದೆ. ದೇವಿಯ ಹೆಸರಿನಲ್ಲಿ ನಡೆಯಬೇಕಾದ ಕುಣಿತ ಬಸ್ ನಿಲ್ದಾಣದಲ್ಲಿ, ಆಮೇಲೆ ಸರ್ಕಾರಿ ವೇದಿಕೆಯಲ್ಲಿ ನಡೆದರೆ ಅದು ಪೂಜೆಯಾಗಿ ಉಳಿಯುತ್ತದೆಯೇ? ಉಳಿಯುತ್ತದೆ ಎನ್ನುವುದು ನನ್ನ ವಾದ. ತುಂಗಭದ್ರೆಯ ಎಡಬಲದ ಈ ನಡುನಾಡಿನಲ್ಲಾದರೂ ದೈವ ಮೊದಲಿನಿಂದಲೂ ಹೊತ್ತು ತಿರುಗುವವರ ಜೊತೆಗೇ ಇದೆ. ನಿಂತ ಜಾಗ ಅದರ ಒಂದು ತಂಗುದಾಣ ಮಾತ್ರ.

ಇದಕ್ಕೆ ಮಂಜಮ್ಮ ಜೋಗತಿಯವರ ಬದುಕಿಗಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಗಂಡುಹುಡುಗನಾಗಿ ಬೆಳೆದ ಅವರಿಗೆ ಮನೆಯವರು ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಆ ದೀಕ್ಷೆ ಅವರಿಗೆ ಸೀರೆ ಕೊಟ್ಟಿತು, ಹೊಸ ಹೆಸರು ಕೊಟ್ಟಿತು; ಕುಣಿತ ಮಾತ್ರ ಅಲ್ಲಿ ಸಿಗಲಿಲ್ಲ. ಅದು ಸಿಕ್ಕಿದ್ದು ಮನೆ ಬಿಟ್ಟು ಬಂದ ಮೇಲೆ, ದಾವಣಗೆರೆಯಲ್ಲಿ. ಅಲ್ಲಿನ ಬಸ್ ನಿಲ್ದಾಣದಲ್ಲಿ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಸ್ಟೀಲಿನ ಕೊಡ ಹೊತ್ತು ಕುಣಿಯುತ್ತಿದ್ದ. ಆ ತಂದೆ-ಮಗನೇ ಮಂಜಮ್ಮನವರ ಮೊದಲ ಗುರುಗಳು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ ಊರೂರು ಸುತ್ತಿದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಗುಡಿಯಲ್ಲಿ ಗುರುತು, ಬಸ್ ನಿಲ್ದಾಣದಲ್ಲಿ ವಿದ್ಯೆ: ಈ ಅನುಕ್ರಮ ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ದಾವಣಗೆರೆ ಹತ್ತಿ ಗಿರಣಿಗಳ ಸುತ್ತ, ಮಂಡಿಪೇಟೆಯ ಸುತ್ತ, ಹೆದ್ದಾರಿಯ ಮಗ್ಗುಲಲ್ಲಿ ಬೆಳೆದ ಊರು. ಬಂದುಹೋಗುವವರನ್ನು ನಂಬಿಯೇ ದೊಡ್ಡದಾದದ್ದು. ಇದೇ ಊರಿನ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಕ್ಯಾಂಪಿನಿಂದ ಕ್ಯಾಂಪಿಗೆ ನಡೆದೇ ಹೆಸರು ಮಾಡಿತು. ಇಂಥ ಕಡೆ ಒಂದು ಕುಣಿತದ ಮೂಲ ಯಾವ ಊರು ಎಂದು ಕೇಳುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಆ ಕೊಡದ ವಿಷಯವನ್ನೇ ಇನ್ನೊಂದಿಷ್ಟು ನೋಡಬೇಕು. ರೇಣುಕೆಯ ಕಥೆ ಈ ಭಾಗದ ಎಲ್ಲರಿಗೂ ಗೊತ್ತು. ದಿನವೂ ಹೊಳೆಯ ದಂಡೆಯ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದವಳು ಅವಳು. ಜಲಕ್ರೀಡೆಯಾಡುತ್ತಿದ್ದವರನ್ನು ಕಂಡು ಒಂದು ಗಳಿಗೆ ಮನಸ್ಸು ಚಲಿಸಿತು, ಮರಳು ಕೊಡವಾಗಲಿಲ್ಲ. ಬರಿಗೈಯಲ್ಲಿ ಬಂದವಳ ತಲೆಯನ್ನು ಅಪ್ಪನ ಮಾತಿನಂತೆ ಮಗ ಪರಶುರಾಮನೇ ಕಡಿದ. ಮತ್ತೆ ಜೀವ ಬಂದಾಗ ಅವಳ ತಲೆಯೂ ಕೆಳಜಾತಿಯ ಹೆಣ್ಣೊಬ್ಬಳ ತಲೆಯೂ ಅದಲುಬದಲಾದವು ಎಂದು ದಕ್ಷಿಣದ ಹಲವು ಜನಪದ ಪಾಠಗಳು ಹೇಳುತ್ತವೆ. ಪುರಾಣದ ಋಷಿಪತ್ನಿ ಹಾಡಿನ ಎಲ್ಲಮ್ಮನಾಗುವುದು ಈ ಕಡಿತ ಮತ್ತು ಜೋಡಣೆಯ ಮೂಲಕ. ಈಗ ಜೋಗತಿಯ ಕುಣಿತವನ್ನು ನೋಡಿ. ಚೌಡಿಕೆಯ ಲಯಕ್ಕೆ ಮೈಯೆಲ್ಲ ಬಳುಕುತ್ತದೆ, ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತಲು ಬಾಗುತ್ತದೆ; ಕೊಡ ಬೀಳುವುದಿಲ್ಲ. ಮನಸ್ಸು ಚಲಿಸಿದ್ದಕ್ಕೆ ಕೊಡ ಕಳೆದುಕೊಂಡವಳ ಭಕ್ತರು, ಇಡೀ ದೇಹವನ್ನೇ ಚಲನೆಗೆ ಒಡ್ಡಿ, ಕೊಡವನ್ನು ಉಳಿಸಿ ತೋರಿಸುತ್ತಾರೆ. ಶುದ್ಧಿ ಎಂದರೆ ಕದಲದಿರುವುದು ಎಂದ ಋಷಿಯ ಶಾಸ್ತ್ರಕ್ಕೆ ಇದಕ್ಕಿಂತ ನೇರವಾದ ಖಂಡನೆ ನನಗೆ ಯಾವ ತರ್ಕಗ್ರಂಥದಲ್ಲೂ ಸಿಕ್ಕಿಲ್ಲ. ಇದು ನನ್ನ ಓದು. ಹೊಟ್ಟೆಪಾಡಿಗೆ ಕುಣಿಯುವವರು ಹೀಗೆಂದು ಹೇಳಿಕೊಂಡು ಕುಣಿಯುತ್ತಾರೆ ಎಂದಲ್ಲ. ಆದರೆ ಅರ್ಥ ಕುಣಿತದಲ್ಲಿದೆ, ಕುಣಿಯುವ ಜಾಗದಲ್ಲಿಲ್ಲ. ತಲೆ ಮೇಲೆ ಕೊಡ ಇರುವಲ್ಲೆಲ್ಲ ಅದೂ ಇರುತ್ತದೆ.

ದಾವಣಗೆರೆಯಿಂದ ಹರಿಹರಕ್ಕೆ ದೂರವೇನಿಲ್ಲ. ಅಲ್ಲಿ ಇನ್ನೊಂದು ಜೋಡಣೆ ಕಲ್ಲಿನಲ್ಲಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಬಲಭಾಗ ಹರ, ಎಡಭಾಗ ಹರಿಯಾದ ಹರಿಹರೇಶ್ವರ ನಿಂತಿದ್ದಾನೆ. ಈ ಮೂರ್ತಿಯನ್ನು ಶೈವ-ವೈಷ್ಣವ ಸೌಹಾರ್ದದ ಸಂಕೇತವೆಂದು ಭಾಷಣಗಳಲ್ಲಿ ಹೇಳಿ ಹೇಳಿ ಸವೆಸಿಬಿಟ್ಟಿದ್ದೇವೆ. ಸ್ಥಳಪುರಾಣ ಹೇಳುವುದು ಬೇರೆ. ಗುಹಾಸುರನಿಗೆ ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂಬ ವರವಿತ್ತು. ಒಬ್ಬೊಬ್ಬರಿಂದ ಆಗದ ಕೆಲಸಕ್ಕೆ ಇಬ್ಬರೂ ಒಂದೇ ಮೈಯಾಗಬೇಕಾಯಿತು. ಪ್ರೀತಿ ಉಕ್ಕಿ ಸೇರಿದ್ದಲ್ಲ, ಬೇರೆ ದಾರಿಯಿಲ್ಲದೆ ಸೇರಿದ್ದು. ಸೇರಿದ ಮೇಲೂ ಯಾವ ಪಾಲು ಯಾರದ್ದೆಂದು ಶಿಲ್ಪಿ ಮುಚ್ಚಿಡಲಿಲ್ಲ. ಬೇರೆ ಬೇರೆ ಕಡೆಯಿಂದ ಕಲಿತ ಕಲಾವಿದರ ಅಸ್ಮಿತೆಯೂ ಹೀಗೆಯೇ. ಪಡೆದದ್ದೆಲ್ಲ ಕರಗಿ ಒಂದಾಗಬೇಕಿಲ್ಲ. ಗೆರೆ ಕಂಡರೂ ಮೂರ್ತಿ ಒಂದೇ.

ಇದು ಆಸ್ಥಾನದ ರಾಜಕೀಯ ಕಟ್ಟಿದ ದೇವರು, ಅದಕ್ಕೂ ಜೋಗತಿಯರ ದೇವಿಗೂ ಎಲ್ಲಿಯ ಸಂಬಂಧ ಎಂದು ಯಾರಾದರೂ ಕೇಳಿದರೆ ಆಕ್ಷೇಪ ಸರಿಯಾಗಿದೆ. ದಂಡನಾಯಕರ ದಾನಕ್ಕೂ ಜೋಗ ಬೇಡುವವರ ಮಡಿಲಕ್ಕಿಗೂ ಅಂತರವಿದೆ, ಆ ಮೂರ್ತಿಯ ಎರಡು ಪಾಲಿನಲ್ಲಿ ದೇವಿಗೆ ಪಾಲೂ ಇಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಈ ಸೀಮೆಯ ಮೇಲು ಸಂಪ್ರದಾಯವೂ ಕೆಳಗಿನ ಸಂಪ್ರದಾಯವೂ, ಒಂದನ್ನೊಂದು ಕೇಳದೆಯೇ, ಪಾವಿತ್ರ್ಯಕ್ಕೆ ಬೆರಕೆ ಅಡ್ಡಿಯಲ್ಲ ಎಂಬಲ್ಲಿಗೆ ಬಂದು ನಿಂತಿವೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ನೀವು ಹೊಗಳುವ ಈ ಪರಂಪರೆಯ ಬುಡದಲ್ಲಿ ಮುತ್ತು ಕಟ್ಟುವ ಪದ್ಧತಿ ಇದೆ, ಅದರಲ್ಲಿ ದಲಿತ ಹೆಣ್ಣುಮಕ್ಕಳ ಬದುಕು ಹಾಳಾಗಿದೆ, ಅದನ್ನು ತಡೆಯಲು 1982ರಲ್ಲಿ ಕಾನೂನನ್ನೇ ತರಬೇಕಾಯಿತು ಎಂಬುದು. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗದ ಗುಡ್ಡ ಹತ್ತುವ ಜೋಗತಿಯರ ಸಾಲನ್ನು ಬರೀ ಬಣ್ಣದ ಚಿತ್ರವಾಗಿ ನೋಡುವವರಿಗೆ ಈ ಮಾತು ತಾಗಲೇಬೇಕು. ಮಕ್ಕಳ ಕೊರಳಿಗೆ ಮುತ್ತು ಬಿದ್ದರೆ ಮಾತ್ರ ಉಳಿಯುವ ಕಲೆಯಾದರೆ ಅದು ಅಳಿಯಲಿ. ಅದಕ್ಕಾಗಿ ಅಳುವ ಅಗತ್ಯವಿಲ್ಲ. ಆದರೆ ಬಸ್ ನಿಲ್ದಾಣದ ಪಾಠ ನೆರವಿಗೆ ಬರುವುದು ಇಲ್ಲಿಯೇ. ತಂದೆ ಹಾಡಿ ಮಗ ಕುಣಿದದ್ದನ್ನು ದಾರಿಹೋಕರೊಬ್ಬರು ಕಲಿಯಬಹುದಾದರೆ, ಆ ವಿದ್ಯೆಗೆ ಬೇಕಾದದ್ದು ಕಲಿಸುವವರು ಮತ್ತು ಕಲಿಯುವ ಹಟ. ಮಂಜಮ್ಮನವರಿಗೆ ಮುತ್ತು ಕಟ್ಟಿದ್ದು ನಿಜ, ಅದು ತಂದ ಸಂಕಟವೂ ನಿಜ. ಆದರೂ ಕುಣಿತ ಬಂದ ದಾರಿ ಬೇರೆ. ಕಲೆಯನ್ನು ಕಟ್ಟಳೆಯಿಂದ ಬಿಡಿಸಬಹುದು ಎನ್ನುವುದಕ್ಕೆ ಅವರ ಜೀವನವೇ ಪುರಾವೆ.

ವೇದಿಕೆಗೆ ಬಂದ ಕುಣಿತ ಸಂಭಾವನೆಯ ಕುಣಿತವಾಯಿತಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಜೋಗತಿ ಎಂದೂ ಪುಕ್ಕಟೆ ಕುಣಿದವಳಲ್ಲ. ಜೋಳವೋ ಅಕ್ಕಿಯೋ ಕಾಸೋ ಜೋಳಿಗೆಗೆ ಬೀಳಲೇಬೇಕಿತ್ತು. ಭಕ್ತಿ ಮತ್ತು ಹೊಟ್ಟೆಯನ್ನು ಬೇರೆ ಮಾಡಿ ನೋಡುವುದು ಹೊಟ್ಟೆ ತುಂಬಿದವರ ಅಭ್ಯಾಸ. ನಿಜವಾಗಿ ಕಳೆದದ್ದು ಬೇರೊಂದಿದೆ. ಮನೆಬಾಗಿಲಿಗೆ ಬಂದ ಜೋಗತಿ ಬೇಡುವವಳೂ ಹೌದು, ಹರಸುವವಳೂ ಹೌದು. ಕೊಟ್ಟವರು ಆಕೆಯ ಭಂಡಾರವನ್ನು ಹಣೆಗೆ ಇಟ್ಟುಕೊಳ್ಳುತ್ತಿದ್ದರು. ಸಭಾಂಗಣದ ಪ್ರೇಕ್ಷಕರು ಚಪ್ಪಾಳೆ ಕೊಟ್ಟು ಎದ್ದುಹೋಗುತ್ತಾರೆ. ಈ ನಷ್ಟವನ್ನು ನಾನು ಒಪ್ಪುತ್ತೇನೆ.

ಹಾಗಂತ ಕುಣಿತವನ್ನು ಮತ್ತೆ ಮೂಲದ ಊರಿಗೆ ಕಟ್ಟಿಹಾಕಿದರೆ ಅದು ತುಂಬಿಬರುವುದಿಲ್ಲ, ಏಕೆಂದರೆ ಆ ಊರಿನ ಗಡಿಯೇ ನಿಂತಿಲ್ಲ. ಉಚ್ಚಂಗೆಮ್ಮನ ಗುಡ್ಡವಿರುವ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇಷ್ಟರಲ್ಲಿ ಯಾವ ಜೋಗತಿಯೂ ದಾರಿ ಬದಲಿಸಿದಂತಿಲ್ಲ. ಹರಸುವ ಅಧಿಕಾರವನ್ನು ಊರು ಕೊಟ್ಟದ್ದಲ್ಲ, ಹಾಗಾಗಿ ಊರು ಬಿಟ್ಟರೆ ಅದು ಹೋಗುವುದೂ ಇಲ್ಲ. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದ ಮಂಜಮ್ಮ ಪ್ರಶಸ್ತಿಗೆ ಕೈಚಾಚುವ ಮುಂಚೆ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದರು. ದೇಶದ ಪತ್ರಿಕೆಗಳಿಗೆ ಅದು ಮುದ್ದಾದ ಪ್ರಸಂಗವಾಗಿ ಕಂಡಿತು. ಜೋಗತಿಯ ಲೆಕ್ಕದಲ್ಲಿ ಅದು ನಿತ್ಯದ ವ್ಯವಹಾರ: ಕೊಡುವ ಮನೆ ಯಾವುದೇ ಇರಲಿ, ಪಡೆಯುವ ಮುನ್ನ ಹರಸಬೇಕು. ಅಂದು ಆ ಮನೆ ದೆಹಲಿಯಲ್ಲಿತ್ತು.